ಕೆಂಪು ದೀಪದ ಕೆಳಗೆ ಕೆಂಪು ಶಾಯಿ

“ಪೆನ್ನು ಸತ್ತಿರಲಿಲ್ಲ ಕಣೇ! ಚೆನ್ನಾಗೇ ಬದುಕಿತ್ತು!”

ಹಾಜರಿ ಟೀಚರ್ ಕುರ್ಚಿಯಿಂದ ಎದ್ದ ರಭಸಕ್ಕೆ ಹೊಲಿಗೆ ಯಂತ್ರದ ಮೇಲಿದ್ದ ಅರ್ಧ ಹೊಲಿದ ತೋಳೊಂದು ನೆಲಕ್ಕೆ ಬಿತ್ತು. ಯಂತ್ರದ ಹಿಂದೆ ಕೂತಿದ್ದ ಓರಗಿತ್ತಿ ತುಟಿಗಳ ನಡುವೆ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿಗೆ ಚುಚ್ಚಿದಳು. ಅವಸರದಲ್ಲಿ ಬಾಯಿ ತೆರೆದರೆ ಏನಾಗುತ್ತದೆಂದು ಅವಳಿಗೆ ಒಮ್ಮೆ ಅನುಭವವಾಗಿತ್ತು.

“ಬದುಕಿದ್ರೆ ಸಂತೋಷ ಅಕ್ಕ. ಯಾರ ಪೆನ್ನು?”

“ನನ್ನದೇ. ಆ ಸಂಜೆ ಇದು ಬರೀತಾ ಇಲ್ಲ ಅಂತ ಒಂದಾದ ಮೇಲೊಂದು ಮೂರು ಪೆನ್ನು ಬಿಸಾಕಿದೆ. ಈಗ ನೋಡು ಇಲ್ಲಿ!”

ಉದ್ಯಾನದ ಉಚಿತ ನಕ್ಷತ್ರ ವೀಕ್ಷಣೆಯ ಸಂಜೆ, ದೀಪಗಳನ್ನು ಆರಿಸಿದ್ದ ನಲವತ್ತು ನಿಮಿಷಗಳಲ್ಲಿ, ಕನ್ನಡಕದಜ್ಜನ ದೂರದರ್ಶಕದಿಂದ ಐಪೀಸು, ಅಂದರೆ ಕಣ್ಣಿಟ್ಟು ನೋಡುವ ಗಾಜಿನ ಗುಂಡಿ, ಮಾಯವಾಗಿ ಇಂದಿಗೆ ಮೂರು ದಿನ. ಅಂದಿನ ಸಂದರ್ಶಕರ ಪುಸ್ತಕ ಟೀಚರ ಮುಂದೆ ತೆರೆದುಕೊಂಡಿತ್ತು. ಪುಟದ ತುಂಬ ಕೆಂಪು ಗೀಟುಗಳು. ‘ದೀರ್ಘ ಎಲ್ಲಿ?’ ಎಂಬ ಪ್ರಶ್ನೆಯೊಂದು ಯಾರದೋ ವಿಳಾಸದ ಮೇಲೆ ಮಲಗಿತ್ತು. ‘ಅಕ್ಷರ ದುಂಡಗಿರಲಿ’ ಎಂಬ ಬುದ್ಧಿಮಾತು ಮೂರು ಸಾಲು ಇಳಿಜಾರು ಹತ್ತಿ, ಒಬ್ಬ ಗೌರವಾನ್ವಿತ ದಂತವೈದ್ಯರ ಸಹಿಯನ್ನು ಇರಿದಿತ್ತು.

“ನಿಮ್ಮ ಅಕ್ಷರವಾ ಇದು?” ಓರಗಿತ್ತಿಗೆ ನಗು ತಡೆಯಲಾಗಲಿಲ್ಲ. “ಕೋಳಿ ಶಾಯಿ ತುಳಿದು ಓಡಾಡಿದ ಹಾಗಿದೆ.”

“ನಗು, ನಗು. ಆದರೆ ಯಾಕೆ ಹೀಗಾಯ್ತು, ಹೇಳು?”

ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು. ಬಿಳಿಯ ಬೆಳಕು ತಗುಲಿದರೆ ಅಷ್ಟೂ ಹಾಳು. ಕೆಂಪು ಬೆಳಕಿನಿಂದ ಆ ಹಾನಿ ಇಲ್ಲ. ಆದ್ದರಿಂದಲೇ ಅಜ್ಜ ಪುಸ್ತಕದ ಮೇಜಿನ ಮೇಲೆ ಕೆಂಪು ಕಾಗದ ಸುತ್ತಿದ ಟಾರ್ಚೊಂದನ್ನು ಇರಿಸಿದ್ದರು. ಆ ಬೆಳಕಿನಲ್ಲಿ ಬಿಳಿಯ ಹಾಳೆಯೂ ಕೆಂಪು, ಹಾಳೆಯ ಮೇಲಿನ ಕೆಂಪು ಶಾಯಿಯೂ ಕೆಂಪು. ಬರೆದದ್ದು ಬರೆದವರಿಗೇ ಕಾಣುವುದಿಲ್ಲ. ಮೂವತ್ತನಾಲ್ಕು ವರ್ಷ ಕೆಂಪು ಶಾಯಿಯಿಂದಲೇ ಲೋಕವನ್ನು ತಿದ್ದಿದ ಟೀಚರಿಗೆ ಈ ಸತ್ಯ ಹೊಳೆಯಲು ಇಷ್ಟು ವಯಸ್ಸಾಗಬೇಕಾಯಿತು.

“ಈಗ ಈ ಕಡೆ ಬಾ. ಕೊನೆಯ ಕಾಲಮ್ಮು ನೋಡು. ಇದೂ ಕೆಂಪು ಶಾಯಿಯೇ.”

ಓರಗಿತ್ತಿ ಬಗ್ಗಿ ಓದಿದಳು. ‘ಸಮಯ ಏಳು ನಲವತ್ತು. ಖುದ್ದು ಹಾಜರಿದ್ದು ಪರಿಶೀಲಿಸಿದೆ. ಕತ್ತಲೆಯಲ್ಲಿ ಸಾರ್ವಜನಿಕರು ಅಡ್ಡಾದಿಡ್ಡಿಯಾಗಿ ವರ್ತಿಸುತ್ತಿರುವುದು ಕಂಡುಬಂತು.’ ಕೆಳಗೆ ಉದ್ಯಾನದ ಸೂಪರಿಂಟೆಂಡೆಂಟರ ಬಾಲವುಳ್ಳ ಸಹಿ. ಮೊದಲು ‘ಓಡಾಡುತ್ತಿರುವುದು’ ಎಂದು ಬರೆದು, ಅದನ್ನು ಒಂದೇ ಗೀಟಿನಲ್ಲಿ ಹೊಡೆದು, ಅದರ ನೆತ್ತಿಯ ಮೇಲೆ ‘ವರ್ತಿಸುತ್ತಿರುವುದು’ ಎಂದು ಅಚ್ಚುಕಟ್ಟಾಗಿ ತಿದ್ದಲಾಗಿತ್ತು.

“ಮುತ್ತು ಪೋಣಿಸಿದ ಹಾಗಿದೆ ಅಕ್ಷರ,” ಎಂದಳು.

“ಅದೇ ಅಪರಾಧ!” ಎಂದರು ಟೀಚರ್.

ಚೀಲ ಹೆಗಲಿಗೇರಿತು. ನಾಳೆ ಸಂಜೆ ಐದಕ್ಕೆ ಉದ್ಯಾನ ಸಮಿತಿಯ ಸಭೆ. ‘ಮುದುಕರು ತಮ್ಮ ವಸ್ತುವನ್ನು ತಾವೇ ಕಳೆದುಕೊಂಡು ಸಾರ್ವಜನಿಕರ ಮೇಲೆ ಕಳ್ಳತನದ ಅಪವಾದ ಹೊರಿಸುತ್ತಿದ್ದಾರೆ, ಈ ಕಾರ್ಯಕ್ರಮವನ್ನು ಶಾಶ್ವತವಾಗಿ ನಿಲ್ಲಿಸತಕ್ಕದ್ದು’ ಎಂದು ಸೂಪರಿಂಟೆಂಡೆಂಟರು ಈಗಾಗಲೇ ಪತ್ರ ಕಳಿಸಿಯಾಗಿತ್ತು. ನಾಳೆಯೊಳಗೆ ಕಳ್ಳನ ಹೆಸರು ಸಿಗದಿದ್ದರೆ ಅಜ್ಜನ ಹಣೆಗೆ ಸುಳ್ಳುಗಾರನೆಂಬ ಪಟ್ಟ, ಉದ್ಯಾನಕ್ಕೆ ಎಂದೂ ಆರದ ದೀಪ.

ಆಕಾಶವನ್ನು ತೋರಿಸಲು ಆ ಮನುಷ್ಯ ಯಾರಿಂದಲೂ ಏನನ್ನೂ ಬೇಡಿದವರಲ್ಲ. ತಮ್ಮ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ವರ್ಷ ಒಂದು ಪೀಪಾಯಿಯ ಮೇಲೆ ಗಾಜಿಟ್ಟು ಅದರ ಸುತ್ತ ನಡೆದು ನಡೆದು, ಗಾಜಿನ ಮೇಲೆ ಗಾಜು ಉಜ್ಜಿ, ದೂರದರ್ಶಕದ ಕನ್ನಡಿಯನ್ನು ಕೈಯಾರೆ ಸವೆಸಿದವರು. ಉಚಿತವಾಗಿ ಸಿಕ್ಕದ್ದನ್ನು ಹಗುರಾಗಿ ಕಾಣುವುದು, ಕೊಟ್ಟವನನ್ನೇ ಅನುಮಾನಿಸುವುದು ನಮ್ಮ ಕಾಲದ ಕೆಟ್ಟ ಚಾಳಿ. ಟೀಚರಿಗೆ ಇದನ್ನು ನೆನೆದಾಗಲೆಲ್ಲ ಕಿವಿಯ ತುದಿ ಬಿಸಿಯಾಗುತ್ತಿತ್ತು.

“ನಾನೂ ಬರ್ತೀನಿ,” ಓರಗಿತ್ತಿ ಚಪ್ಪಲಿ ಮೆಟ್ಟಿದಳು. “ನೀವೊಬ್ಬರೇ ಹೋದರೆ ಅವರನ್ನ ಬೆಂಚಿನ ಮೇಲೆ ನಿಲ್ಲಿಸಿಬಿಡ್ತೀರ.”

ದಾರಿಯಲ್ಲಿ ಕನ್ನಡಕದಂಗಡಿ. ಅಜ್ಜನೂ ಜೊತೆ ಹೊರಟರು. ಆದರೆ ಉದ್ಯಾನದ ಕಚೇರಿಯ ಮೆಟ್ಟಿಲವರೆಗೆ ಬಂದು, “ಆ ಮನುಷ್ಯನ ಎದುರು ನನಗೆ ಮಾತು ಹೊರಡಲ್ಲ, ನೀವೇ ಕೇಳಿ,” ಎಂದು ಹೊರಗಿನ ಬೆಂಚಿನ ಮೇಲೆ ಕೂತುಬಿಟ್ಟರು.

ಒಳಗೆ ಸೂಪರಿಂಟೆಂಡೆಂಟರು ಹೂಕುಂಡಗಳ ಪಟ್ಟಿಗೆ ಮೊಹರು ಒತ್ತುತ್ತಿದ್ದರು. ಐವತ್ತೈದರ ಆಸುಪಾಸಿನ ಮನುಷ್ಯ. ಮೊಹರು ಒತ್ತುವಾಗ ನಾಲಿಗೆಯ ತುದಿ ಹೊರಗೆ ಬರುತ್ತಿತ್ತು.

“ಟೀಚರ್! ಬನ್ನಿ, ಬನ್ನಿ. ಐಪೀಸು ಸಿಕ್ತಾ? ಅಜ್ಜನ ಜೇಬಲ್ಲೇ ಇತ್ತಾ?”

“ಒಂದು ಪ್ರಶ್ನೆ. ದೀಪ ಆರಿದ ಮೇಲೆ ನೀವು ಎಲ್ಲಿದ್ರಿ?”

“ಪುಸ್ತಕದ ಮೇಜಿನ ಹತ್ರ. ಪತ್ರದಲ್ಲೇ ಬರೆದಿದ್ದೀನಲ್ಲ. ಏಳು ನಲವತ್ತಕ್ಕೆ ಷರಾ ಹಾಕಿದ್ದೂ ಇದೆ.”

“ಆ ಕೆಂಪು ಟಾರ್ಚಿನ ಬೆಳಕಲ್ಲಿ?”

“ಬೇರೆ ಬೆಳಕೆಲ್ಲಿತ್ತು? ನೀವೇ ಬಿಟ್ಟಿರಲಿಲ್ಲವಲ್ಲ.”

ಟೀಚರ್ ಚೀಲದಿಂದ ಅದೇ ಟಾರ್ಚನ್ನು ಹೊರತೆಗೆದು ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಬಿಳಿಯ ಹಾಳೆ. ಅದರ ಪಕ್ಕದಲ್ಲಿ ಕೆಂಪು ಪೆನ್ನು.

“ಮೇಜಿನ ಕೆಳಗೆ ಇಳಿಯಿರಿ.”

“ಏನಂದ್ರಿ?”

“ಇಲ್ಲಿ ಹಗಲು. ಕತ್ತಲೆ ಇರೋದು ಮೇಜಿನ ಕೆಳಗೆ ಮಾತ್ರ. ಇಳಿಯಿರಿ.”

ಸರ್ಕಾರಿ ನೌಕರಿಯ ಮೂವತ್ತು ವರ್ಷಗಳಲ್ಲಿ ಆ ಮನುಷ್ಯ ಅನೇಕ ಮೇಜುಗಳ ಹಿಂದೆ ಕೂತಿದ್ದರು; ಕೆಳಗೆ ಕೂತಿರಲಿಲ್ಲ. ಆದರೆ ಟೀಚರ ಧ್ವನಿಯಲ್ಲಿ, ಬೆನ್ನುಮೂಳೆಯನ್ನು ಏಕಾಏಕಿ ಒಂಬತ್ತು ವರ್ಷದ್ದಾಗಿಸುವ ಗುಣವೊಂದಿತ್ತು. ಅವರು ಇಳಿದರು. ಹಿಂದೆಯೇ, ಮೊಣಕಾಲುಗಳ ಲಟಲಟ ಸದ್ದಿನೊಂದಿಗೆ ಟೀಚರೂ ಇಳಿದರು. ಓರಗಿತ್ತಿ ಕಿಟಕಿಯ ಪರದೆಯನ್ನು ಕಿತ್ತು ತಂದು ಸುತ್ತಲೂ ಇಳಿಬಿಟ್ಟು, ಅಂಚನ್ನು ಕಾಲಿನಿಂದ ಅದುಮಿ ಹಿಡಿದಳು.

“ಯಾರಾದ್ರೂ ಬಂದ್ರೆ ಏನಂತ ಹೇಳ್ಲಿ ಅಕ್ಕ?”

“ತನಿಖೆ ನಡೀತಿದೆ ಅಂತ ಹೇಳು.”

“ಮೇಜಿನ ಕೆಳಗಾ?”

“ಸುಮ್ನಿರೇ!”

ಒಳಗೆ ಎರಡು ತಲೆಗಳ ನಡುವೆ ಟಾರ್ಚು ಕೆಂಪಗೆ ಹೊತ್ತಿತು.

“ಬರೀರಿ. ‘ಸಾರ್ವಜನಿಕರು ಅಡ್ಡಾದಿಡ್ಡಿಯಾಗಿ ಓಡಾಡುತ್ತಿರುವುದು ಕಂಡುಬಂತು.’ ಆಮೇಲೆ ‘ಓಡಾಡುತ್ತಿರುವುದು’ ಹೊಡೆದುಹಾಕಿ ‘ವರ್ತಿಸುತ್ತಿರುವುದು’ ಅಂತ ತಿದ್ದಿ.”

ಪೆನ್ನು ಕರಕರ ಎಂದಿತು. ನಿಂತಿತು. ಮತ್ತೆ ಕರಕರ ಎಂದಿತು.

“ಪೆನ್ನು ಬರೀತಾ ಇಲ್ಲ ಟೀಚರ್.”

“ಬರೀತಾ ಇದೆ. ಮುಂದುವರಿಸಿ.”

ಹೊರಬಂದು ಹಗಲು ಬೆಳಕಿಗೆ ಹಿಡಿದಾಗ ಹಾಳೆಯ ಮೇಲೆ ‘ಸಾರ್ವಜನಿಕರು’ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಹೊಡೆದುಹಾಕುವ ಗೀಟು ‘ಅಡ್ಡಾದಿಡ್ಡಿ’ಯ ಕುತ್ತಿಗೆ ಕಡಿದಿತ್ತು. ‘ವರ್ತಿಸುತ್ತಿರುವುದು’ ಹಾಳೆ ದಾಟಿ ಅವರದೇ ಅಂಗಿಯ ತೋಳಿಗೆ ಹತ್ತಿತ್ತು.

ಟೀಚರ್ ಸಂದರ್ಶಕರ ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟರು. ಒಂದು ಕಡೆ ಮುತ್ತು, ಇನ್ನೊಂದು ಕಡೆ ಕೋಳಿ.

“ಈ ಷರಾ ಬೆಳಕಲ್ಲಿ ಬರೆದದ್ದು. ದೀಪ ಹತ್ತಿದ ಮೇಲೆ ಪುಸ್ತಕ ನನ್ನ ಕೈ ಬಿಟ್ಟಿಲ್ಲ. ಅಂದ್ರೆ ದೀಪ ಆರೋಕೆ ಮುಂಚೆ. ಏಳು ನಲವತ್ತಕ್ಕೆ ಜನ ಅಡ್ಡಾದಿಡ್ಡಿ ವರ್ತಿಸ್ತಾರೆ ಅಂತ ನಿಮಗೆ ಏಳು ಗಂಟೆಗೇ ಗೊತ್ತಿತ್ತು. ನೀವು ಮೇಜಿನ ಹತ್ರ ಇರಲಿಲ್ಲ. ಎಲ್ಲಿದ್ರಿ?”

ಸೂಪರಿಂಟೆಂಡೆಂಟರು ತೋಳಿನ ಮೇಲಿನ ಶಾಯಿಯನ್ನು ಹೆಬ್ಬೆರಳಿನಿಂದ ಉಜ್ಜಿದರು. ಅದು ಮೊಣಕೈವರೆಗೂ ಹರಡಿತು.

“ನನಗೆ ಹೇಳೋಕಾಗಲ್ಲ.”

“ನಾಳೆ ಸಮಿತಿ ಮುಂದೆ ಹೇಳ್ತೀರ.”

“ಟೀಚರ್, ದಯವಿಟ್ಟು…”

“ಕಳ್ಳತನ ಮಾಡಿ ಒಬ್ಬ ಮುದುಕನ ಮೇಲೆ ಹೊರಿಸೋ ಕೆಲಸಕ್ಕೆ ಹೆಸರೇನು ಗೊತ್ತಾ? ಮೂರನೇ ತರಗತಿ ಮಕ್ಕಳೂ ಹಾಗೆ—”

“ಸಾಲಲ್ಲಿದ್ದೆ!”



“ಯಾವ ಸಾಲಲ್ಲಿ?”

“ನಿಮ್ಮ ಸಾಲಲ್ಲೇ. ಉಣ್ಣೆ ಟೋಪಿ ಹಾಕ್ಕೊಂಡು.” ಅವರ ಧ್ವನಿ ಹೂಕುಂಡದೊಳಗಿನಿಂದ ಬಂದಂತಿತ್ತು. “ಹೆಸರು ಕೇಳಿದಾಗ ಕೆಮ್ಮಿದೆ.”

ಟೀಚರ್ ಪುಸ್ತಕದ ಹಾಳೆ ತಿರುಗಿಸಿದರು. ನಾಲ್ಕು ಜನ ಸೇರಿದಲ್ಲೆಲ್ಲ ಹಾಜರಿ ಬರೆಯುವುದು ಅವರ ಚಟ. ಬೀದಿ ಅವರಿಗೆ ಕೊಟ್ಟ ಹೆಸರೂ ಅದೇ. ನಲವತ್ತಮೂರನೆಯ ಕ್ರಮಸಂಖ್ಯೆಯ ಮುಂದೆ ಅವರದೇ ಅಕ್ಷರದಲ್ಲಿ ಹೀಗಿತ್ತು: ‘ಉಣ್ಣೆ ಟೋಪಿ. ಹೆಸರು ಹೇಳಲಿಲ್ಲ. ಶೀತವಿರಬೇಕು.’

“ದೀಪ ಆರಿಸಬಾರದು ಅಂತ ಮೂರು ಸಲ ಆಕ್ಷೇಪಣೆ ಬರೆದವನು ನಾನು. ಈಗ ನಾನೇ ಹೋಗಿ ಸಾಲಲ್ಲಿ ನಿಂತರೆ ಜನ ಏನಂತಾರೆ? ಆದರೆ ಟೀಚರ್, ನಾನು ಹುಟ್ಟಿದಾಗಿಂದ ಶನಿ ಅಂದ್ರೆ ಬೈಗುಳ ಅಂತ್ಲೇ ಕೇಳಿದ್ದು. ಅದಕ್ಕೆ ಸುತ್ತ ಬಳೆ ಇದೆ ಅಂದ್ರು. ನೋಡ್ಬೇಕು ಅನ್ನಿಸ್ತು. ಅಷ್ಟೇ.”

“ಹೆಗಲೇರೋ ಶನೀನ ಸಾಲು ನಿಂತು ನೋಡೋಕೆ ಟೋಪಿ ಬೇರೆ,” ಎಂದಳು ಓರಗಿತ್ತಿ, ಪರದೆಯನ್ನು ಮಡಚುತ್ತಾ.

ಟೀಚರ್ ನಗಲಿಲ್ಲ. ಒಳ್ಳೆಯದನ್ನು ನೋಡುವ ಆಸೆಯನ್ನು ಮುಚ್ಚಿಟ್ಟು, ಅದನ್ನು ದೂರುವ ಪತ್ರವನ್ನು ಮಾತ್ರ ಎಲ್ಲರೆದುರು ಬರೆಯುವ ಈ ನಾಚಿಕೆ ಎಂಥದು? ಕದಿಯುವವನಿಗಿಂತ ಇಂಥವನಿಂದ ಲೋಕಕ್ಕೆ ಹೆಚ್ಚು ನಷ್ಟ. ಇದನ್ನೆಲ್ಲ ಹೇಳಲು ಅವರು ಬಾಯಿ ತೆರೆದರು. ಅಷ್ಟರಲ್ಲಿ ಸೂಪರಿಂಟೆಂಡೆಂಟರ ಮುಖದಲ್ಲಿ ಏನೋ ಲೆಕ್ಕ ಕೂಡಿ ಬಂದಂತೆ ಬೆಳಕು ಮೂಡಿತು.

“ಟೀಚರ್… ನಾನು ನಲವತ್ತಮೂರು. ನಾನು ನೋಡಿದಾಗ ಐಪೀಸು ಇತ್ತು. ನನ್ನ ನಂತರ ಯಾರು?”

ಟೀಚರಿಗೆ ಪುಸ್ತಕ ನೋಡುವ ಅಗತ್ಯವಿರಲಿಲ್ಲ. ಎಲ್ಲರ ಸರದಿ ಮುಗಿದ ಮೇಲೆ ತಮ್ಮ ಸರದಿ ಎಂಬುದು ಅವರ ನಿಯಮ. ನಲವತ್ತನಾಲ್ಕನೆಯವರಾಗಿ ಅವರು ಬಗ್ಗಿದ್ದರು; ಅದೇ ಗಳಿಗೆಗೆ ದೀಪಗಳು ಹತ್ತಿದ್ದವು; ಕೊಳವೆಯ ಬಾಯಿ ಖಾಲಿಯಾಗಿತ್ತು. ಮೂವತ್ತನಾಲ್ಕು ವರ್ಷ ಕರಿಹಲಗೆಯ ಮೇಲೆ ಶನಿಯ ಬಳೆ ಬರೆದವರಿಗೆ ಆ ಬಳೆ ಕಡೆಗೂ ಕಂಡಿರಲಿಲ್ಲ.

“ನಾನು,” ಎಂದರು.

“ನಡುವೆ ಯಾರೂ ನುಗ್ಗಲಿಲ್ಲ ಅಲ್ವಾ?”

“ನಾನಿದ್ದ ಸಾಲಿನಲ್ಲಿ ನುಗ್ಗೋದಾ?”

“ಹಾಗಾದ್ರೆ…” ಅವರು ಕೈ ಹರಡಿದರು. ವಿನಯದಿಂದಲೇ ಹರಡಿದರು. ಆ ವಿನಯ ಚುಚ್ಚಿತು.

“ಅಕ್ಕನ್ನ ಕಳ್ಳಿ ಅಂತಿದ್ದೀರಾ? ನಾಲಿಗೆ ಬಿಗಿ ಹಿಡೀರಿ!” ಓರಗಿತ್ತಿ ಪರದೆಯನ್ನು ಎಸೆದು ಮುಂದೆ ಬಂದಳು.

“ಇರು.” ಟೀಚರ್ ಪೆನ್ನು ತೆರೆದರು. ನಿಯಮ ಎಂಬುದು ಇತರರಿಗೆ ಮಾತ್ರ ಮಾಡಿದ್ದಲ್ಲ. ಶಂಕಿತರ ಪಟ್ಟಿಯೆಂದು ತಲೆಬರಹ ಕೊಟ್ಟು, ಕ್ರಮಸಂಖ್ಯೆ ಒಂದು ಎಂದು ಹಾಕಿ, ತಮ್ಮ ಹೆಸರನ್ನು ದುಂಡಗೆ ಬರೆದು, ಕೆಳಗೆ ಗೆರೆ ಎಳೆದರು. ಓರಗಿತ್ತಿಯ ಕಣ್ಣಲ್ಲಿ ನೀರೇ ಬಂತು.

“ಈಗ ನಿಮ್ಮ ಹೇಳಿಕೆ. ನೀವು ನೋಡಿದ್ದೇನು? ಬರ್ಕೋತೀನಿ.”

“ಶನಿ.”

“ವಿವರವಾಗಿ ಹೇಳಿ. ಬಳೆ ಯಾವ ಕಡೆಗೆ ವಾಲಿತ್ತು?”

“ಪುಸ್ತಕದಲ್ಲಿ ಇರುತ್ತಲ್ಲ… ಹಾಗೇ.”

“ಯಾವ ಪುಸ್ತಕ? ಬಣ್ಣ?”

“ಕಪ್ಪು.”

“ಶನಿ ಕಪ್ಪಾ?”

“ಸುತ್ತ ಕಪ್ಪು.”

“ನಡುವೆ?”

“ನಡುವೇನೂ ಕಪ್ಪೇ ಟೀಚರ್.”

ಪೆನ್ನು ನಿಂತಿತು.

“ಏನೂ ಕಾಣಲಿಲ್ಲ ಅನ್ನಿ.”

“ಕಾಣಲಿಲ್ಲ.”

“ಮತ್ತೆ ‘ಆಹಾ’ ಅಂದ್ರಲ್ಲ! ನಾನೇ ಕೇಳಿದ್ದೀನಿ. ಟೋಪಿಯೊಳಗಿಂದ ಎಷ್ಟು ಗಟ್ಟಿಯಾಗಿ ಅಂದ್ರಿ!”

“ನನ್ನ ಮುಂದಿನವರು ಅಂದಿದ್ರು. ಅವರ ಮುಂದಿನವರೂ ಅಂದಿದ್ರು. ನೀವು ಪಕ್ಕದಲ್ಲೇ ನಿಂತು ‘ಕಂಡಿತಲ್ಲ? ಮುಂದೆ!’ ಅಂದ್ರಿ. ಎಲ್ಲರಿಗೂ ಕಂಡದ್ದು ನನಗೊಬ್ಬನಿಗೆ ಕಾಣಲಿಲ್ಲ ಅನ್ನೋಕೆ…” ಅವರು ಮೊಹರನ್ನು ಎತ್ತಿ ಸುಮ್ಮನೆ ಕೆಳಗಿಟ್ಟರು. “ಶಾಲೇಲೂ ನಾನು ಹಂಗೇ. ‘ತಿಳೀತಾ?’ ಅಂದ್ರೆ ‘ತಿಳೀತು’ ಅಂದುಬಿಡ್ತಿದ್ದೆ.”

ಟೀಚರಿಗೆ ಇದ್ದಕ್ಕಿದ್ದಂತೆ ಮೂವತ್ತನಾಲ್ಕು ವರ್ಷಗಳ ತರಗತಿಗಳು ಒಟ್ಟಿಗೆ ಕೇಳಿಸಿದವು. ತಿಳೀತಾ? ತಿಳೀತು ಟೀಚರ್! ಆ ಒಕ್ಕೊರಲನ್ನು ಅವರು ಜ್ಞಾನವೆಂದು ನಂಬಿದ್ದರು, ಅದನ್ನು ನಂಬಿ ಪಾಠ ಮುಂದುವರಿಸಿದ್ದರು, ನಿವೃತ್ತಿಯ ದಿನ ಅದರ ನೆನಪಿಗೆ ಕಣ್ಣೀರನ್ನೂ ಹಾಕಿದ್ದರು. ಕೆಂಪು ಶಾಯಿ ತಿದ್ದಿದ್ದು ಕಾಗದವನ್ನು. ತಿಳಿಯಲಿಲ್ಲ ಎಂದು ಹೇಳುವ ಧೈರ್ಯವನ್ನು ಅವರು ಒಂದು ಮಗುವಿಗಾದರೂ ಕಲಿಸಿದ್ದರೇ?

ಆದರೆ ಪಶ್ಚಾತ್ತಾಪಕ್ಕೆ ಸಮಯವಿರಲಿಲ್ಲ. ನಲವತ್ತಮೂರನೆಯವರು ಖಾಲಿ ಕೊಳವೆಗೆ ಆಹಾ ಎಂದಿದ್ದರೆ, ಅವರಿಗಿಂತ ಮೊದಲಿನವರು? ಅವರಿಗೂ ಮೊದಲಿನವರು? ಐಪೀಸು ಕೊನೆಗೆ ನಿಜವಾಗಿ ಇದ್ದದ್ದು ಯಾರ ಸರದಿಯಲ್ಲಿ?

“ಪುಸ್ತಕ ಕೊಡಿ. ಒಬ್ಬೊಬ್ಬರ ಮನೆಗೂ ಹೋಗಿ ಕೇಳ್ತೀನಿ. ನಲವತ್ತೆರಡು, ಬೇಕರಿಯವರು. ನಲವತ್ತೊಂದು, ದಂತವೈದ್ಯರು. ಕೊನೆಯಿಂದ ಹೋಗ್ತಾ ಹೋಗ್ತಾ ನಿಜವಾಗಿ ಬಳೆ ಕಂಡವರು ಒಬ್ಬರು ಸಿಕ್ಕೇ ಸಿಗ್ತಾರೆ. ಅವರ ನಂತರದವರೇ ಕಳ್ಳರು! ಏನಂತೀಯೇ?”

ಓರಗಿತ್ತಿ ಎಸೆದಿದ್ದ ಪರದೆಯನ್ನು ಎತ್ತಿಕೊಂಡಿದ್ದಳು. ಅದರ ಅಂಚಿನಿಂದ ನೂಲೊಂದನ್ನು ಎಳೆಯುತ್ತಿದ್ದಳು. ಅದು ಬರುತ್ತಲೇ ಇತ್ತು.

“ಏನಾಯ್ತು?”

“ಅಷ್ಟು ಮನೆ ಸುತ್ತೋದು ಬೇಡ ಅಕ್ಕ. ಕಾಲು ನೋಯುತ್ತೆ ನಿಮಗೆ.”

“ಯಾಕೆ ಬೇಡ?”

“ಸಾಲಲ್ಲಿ ಮೊದಲನೇವಳು ನಾನೇ ಅಲ್ವಾ. ಚಾಪೆ ಹಾಸೋಕೆ ಬೇಗ ಬಂದಿದ್ದೆ.”

“ಹೌದು. ಬಗ್ಗಿದ ತಕ್ಷಣ ಅಂದೆ ನೀನು, ಆಹಾ ಅಂತ.” ಟೀಚರ ಮಾತು ಅಲ್ಲಿಗೇ ನಿಂತಿತು. “ಅಂದೆಯಲ್ಲವೇ?”

“ಅಂದೆ.” ನೂಲು ಪಟ್ಟನೆ ಕಡಿಯಿತು. “ಬಗ್ಗಿದೆ, ಕತ್ತಲೆ. ಇನ್ನೊಂದು ಕಣ್ಣಿಟ್ಟೆ, ಅದೂ ಕತ್ತಲೆ. ತಿರುಗಿ ನೋಡಿದ್ರೆ ಹಿಂದೆ ಇಷ್ಟುದ್ದ ಜನ, ಪಕ್ಕದಲ್ಲಿ ನೀವು. ನಿಮ್ಮ ಮನೆಯವಳೇ, ಅದೂ ಮೊದಲನೇವಳೇ, ಏನೂ ಕಾಣಲಿಲ್ಲ ಅಂದ್ರೆ ನಿಮ್ಮ ಮರ್ಯಾದೆ ಏನಾಗ್ಬೇಕು? ಆಹಾ ಅಂದುಬಿಟ್ಟೆ. ಆಮೇಲೆ ಎಲ್ಲರೂ ಹಾಗೇ ಅಂದ್ರು. ಬರೀ ನನಗೇ ಕಾಣಲಿಲ್ಲವೇನೋ ಅಂತ ಮೂರು ದಿನದಿಂದ ನಿದ್ದೆ ಇಲ್ಲ ಅಕ್ಕ.”

ಟೀಚರ್ ಕುರ್ಚಿಯನ್ನು ಕೈಯಲ್ಲಿ ತಡಕಿ ಕುಳಿತುಕೊಂಡರು.

ಮೊದಲನೆಯವಳು ಬಗ್ಗುವ ಮುಂಚೆಯೇ ಐಪೀಸು ಇರಲಿಲ್ಲ. ಆ ಹೊತ್ತಿಗೆ ದೂರದರ್ಶಕದ ಬಳಿ ಸುಳಿದವರು ಇಡೀ ಉದ್ಯಾನದಲ್ಲಿ ಒಬ್ಬರೇ. ಅವರು ಬರೆದುಕೊಟ್ಟ ಹೇಳಿಕೆ ಟೀಚರ ಚೀಲದಲ್ಲೇ ಇತ್ತು: ‘ನನ್ನ ಕೈಯಾರೆ ಐಪೀಸು ಕೂರಿಸಿದೆ. ನನ್ನ ಕಣ್ಣಾರೆ ಶನಿಯನ್ನು ನೋಡಿದ ಮೇಲೆಯೇ ಜನರನ್ನು ಬಿಡಲು ಹೇಳಿದೆ.’

ಸೂಪರಿಂಟೆಂಡೆಂಟರು ಶಂಕಿತರ ಪಟ್ಟಿಯನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. ಟೀಚರ ಹೆಸರಿನ ಕೆಳಗೆ ಕ್ರಮಸಂಖ್ಯೆ ಎರಡು ಎಂದು ಹಾಕಿದರು. ಅವರ ಮುಖದಲ್ಲಿ ಗೆಲುವಿರಲಿಲ್ಲ. ನಾಲಿಗೆಯ ತುದಿಯೂ ಹೊರಗಿರಲಿಲ್ಲ.

“ಬರ್ಕೊಳ್ಳಲಾ ಟೀಚರ್?”

ಬಾಗಿಲು ಕಿರುಗುಟ್ಟಿತು. ಕನ್ನಡಕದಜ್ಜ ಇಣುಕಿದರು. ಕಾದು ಕಾದು ಸಾಕಾಗಿತ್ತೆಂದು ತೋರುತ್ತದೆ. ಕಿಟಕಿಗೆ ಪರದೆ ಇಲ್ಲದ ಕೋಣೆಯಲ್ಲಿ ಬೆಳಕು ತುಂಬಿ ತುಳುಕುತ್ತಿತ್ತು. ಮೂಲೆಯ ಗೂಟಕ್ಕೆ ಸೂಪರಿಂಟೆಂಡೆಂಟರ ಬೂದುಬಣ್ಣದ ಕೋಟು ನೇತುಬಿದ್ದಿತ್ತು. ಅಜ್ಜ ಎರಡು ಹೆಜ್ಜೆ ಒಳಗೆ ಬಂದು, ಆ ಕೋಟಿನ ಎದುರು ನಿಂತು, ಅದಕ್ಕೆ ಅಕ್ಕರೆಯಿಂದ ತಲೆಬಾಗಿ ಕೇಳಿದರು:

“ಕಳ್ಳ ಸಿಕ್ಕಿದ್ನಾ, ಟೀಚರ್?”